ಅನಸಕ್ಕನ ಫಾರ್ಮು

ನಮ್ಮ ಅಕ್ಕ ಅನಸವ್ವ ನನ್ನ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ತುತ್ತು ಉಂಡವಳಲ್ಲ. ಇಬ್ಬರೂ ಬನಹಟ್ಟಿಯಲ್ಲೇ ಇದ್ದೇವೆ, ನಡುವೆ ಎರಡು ಓಣಿ ಅಷ್ಟೇ. ಬರುತ್ತಾಳೆ, ಬಾಗಿಲ ಹತ್ತಿರ ಕೂರುತ್ತಾಳೆ, ಊರಿನ ಸುದ್ದಿಯೆಲ್ಲ ಹೇಳುತ್ತಾಳೆ. ನಾನು ತಾಟಿನಲ್ಲಿ ಏನಾದರೂ ಹಾಕಿ ಮುಂದಿಟ್ಟರೆ ಸಾಕು, "ಕೊಟ್ಟ ಮನ್ಯಾಗ ಉಣಬಾರದವ್ವಾ" ಎಂದು ಒಂದು ಲೋಟ ನೀರು ಕುಡಿದು ಎದ್ದುಬಿಡುತ್ತಾಳೆ. ಹೆಣ್ಣು ಕೊಟ್ಟ ಮನೆಯಲ್ಲಿ ಹೆತ್ತವರು ಉಣ್ಣಬಾರದು, ಆ ಮನೆಯ ದುಡ್ಡು ಮುಟ್ಟಬಾರದು ಎನ್ನುವುದು ಹಳಬರ ಕಟ್ಟು. ಈಗ ಅದನ್ನು ಪಾಲಿಸುವವರು ಯಾರೂ ಇಲ್ಲ. ನೀನೇನು ನನ್ನ ಹೆತ್ತವಳೇ, ಅಕ್ಕ ತಾನೇ ಎಂದು ಎಷ್ಟೋ ಸಲ ರೇಗಿದ್ದೇನೆ. ರೇಗಿ ಏನು ಪ್ರಯೋಜನ? ನನ್ನನ್ನು ಸಾಕಿದವಳೂ ಅವಳೇ, ಕೊಟ್ಟವಳೂ ಅವಳೇ.

ನಾವು ಹುಟ್ಟಿದ್ದು ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ. ನನಗೆ ಮೂರು ವರ್ಷವಾಗಿದ್ದಾಗ ಅವ್ವ ಹೋದಳು, ಐದಾಗುವಷ್ಟರಲ್ಲಿ ಅಪ್ಪನೂ ಹೋದ. ಆಗ ಅನಸಕ್ಕನಿಗೆ ಹತ್ತೊಂಬತ್ತು. ಬನಹಟ್ಟಿಯ ನೇಕಾರರ ಮನೆಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪನ ಮಣ್ಣಿಗೆ ಬಂದವಳು ಮೂರನೆಯ ದಿನ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸು ಹತ್ತಿದಳು. ಅತ್ತೆಮನೆಯ ಹೊಸ್ತಿಲಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರಂತೆ. "ಈಕಿ ಉಣ್ಣೂದನ್ನ ನಾ ದುಡದ ಹಾಕ್ತೇನ್ರಿ ಅತ್ತಿ" ಎಂದು ಹೇಳಿ, ಒಳಗೆ ಹೋಗಿ ನನ್ನ ಮುಖ ತೊಳೆದು, ಅವತ್ತೇ ಮಧ್ಯಾಹ್ನ ಕಂಡಿಕೆ ಸುತ್ತಲು ಕೂತಳಂತೆ. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಕೊಳವೆ. ಅದನ್ನು ರಾಟಿ ತಿರುಗಿಸಿ ಸುತ್ತಬೇಕು. ಹಾಗೆ ಸುತ್ತಿ ಸುತ್ತಿ ನನ್ನನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದಳು, ಟೇಲರ್ ಕೆಲಸದ ನಾಮದೇವನಿಗೆ ಕೊಟ್ಟು ಮದುವೆ ಮಾಡಿದಳು. ಅವಳಿಗೆ ಮಾತ್ರ ಅಕ್ಷರ ಬರುವುದಿಲ್ಲ.

ಅವಳು ಓದಿಸಿದ ಓದಿಗೆ ನಾನು ಆಶಾ ಕಾರ್ಯಕರ್ತೆಯಾದೆ. ಹದಿನಾಲ್ಕು ವರ್ಷದಿಂದ ಗುಲಾಬಿ ಸೀರೆ ಉಟ್ಟು ಓಣಿ ಓಣಿ ತಿರುಗುತ್ತಿದ್ದೇನೆ. ನನ್ನ ಬಾಯಿ ಜೋರು, ಅದನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಮುಟ್ಟು ನಿಂತಿತೇ, ಎಷ್ಟು ತಿಂಗಳು, ಕಾಪರ್-ಟಿ ಹಾಕಿಸಿಕೊಂಡೆಯಾ, ಇನ್ನೊಂದು ಕೂಸು ಯಾಕೆ ಬೇಕು ನಿಮಗೆ, ಹೀಗೆ ಯಾರ ಮನೆಯ ಪಡಸಾಲೆಯಲ್ಲಿ ಬೇಕಾದರೂ ನಿಂತು ಕೇಳುತ್ತೇನೆ. ಓಣಿಯ ಗಂಡಸರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಈಗ ಆ ಫಾರ್ಮಿನ ವಿಷಯ ಹೇಳುತ್ತೇನೆ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಫಾರ್ಮು ತುಂಬಬೇಕು. ಸಕ್ಕರೆ ಕಾಯಿಲೆ, ಬಿಪಿ, ತಂಬಾಕು, ಕೆಮ್ಮು ಎಂದು ಒಂದು ಪಟ್ಟಿ. ಹಾಳೆಯ ಹಿಂದೆ ಹೆಂಗಸರಿಗೆ ಬೇರೆ ಪ್ರಶ್ನೆಗಳು. ಎದೆಯಲ್ಲಿ ಗಂಟು ಇದೆಯೇ, ಆಕಾರ ಬದಲಾಗಿದೆಯೇ, ರಕ್ತ ಬರುತ್ತದೆಯೇ. ಕೇಳಬೇಕು, ಉತ್ತರದ ಮುಂದೆ ಟಿಕ್ ಹಾಕಬೇಕು, ಆಮೇಲೆ ಫೋನಿನಲ್ಲೂ ಏರಿಸಬೇಕು. ಹಿಂದಿನ ಒಂದು ಡಿಸೆಂಬರಿನಲ್ಲಿ ಶನಿವಾರದೊಳಗೆ ಎಲ್ಲ ಫಾರ್ಮೂ ಬರಲೇಬೇಕು ಎಂದು ಮೇಲಿನವರು ಕುತ್ತಿಗೆಯ ಮೇಲೆ ಕೂತಿದ್ದರು. ನನ್ನ ಹತ್ತಿರ ಇನ್ನೂ ಅರವತ್ತು ಬಾಕಿ. ಇಂಥ ಹೊತ್ತಿನಲ್ಲಿ ನಾವು ಮಾಡುವ ಕೆಲಸವೊಂದಿದೆ, ಯಾವ ಆಶಾಳನ್ನು ಬೇಕಾದರೂ ಕೇಳಿ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ. ಪರಿಚಯದವರ ಮನೆ, ನೆಂಟರ ಮನೆ ಮೊದಲು ಹಿಡಿಯುತ್ತೇವೆ. ಅವರ ಮನೆಯದು ನಮಗೆ ಗೊತ್ತಲ್ಲ ಎಂದು ಬೇಗ ಬೇಗ ತುಂಬಿಬಿಡುತ್ತೇವೆ.

ಅಕ್ಕನ ಮನೆಗೆ ಹೋದಾಗ ನಾವಿಬ್ಬರೇ ಇದ್ದೆವು. ಚುರುಮುರಿ ಕಲಸಿ ಕೊಟ್ಟಳು, ಚಹಾ ಇಟ್ಟಳು, ಎದುರಿಗೆ ಕೂತಳು. ಸಕ್ಕರೆ ಕೇಳಿದೆ. ಬಿಪಿ ಕೇಳಿದೆ. ತಂಬಾಕು ಕೇಳಿದ್ದಕ್ಕೆ ನಕ್ಕಳು. ಹಾಳೆ ಹೊರಳಿಸಿದೆ. ಅಲ್ಲಿ ನನ್ನ ಜೋರು ಬಾಯಿ ಕಟ್ಟಿತು. ನನ್ನ ಮೂಗು ಒರೆಸಿದವಳು, ನನ್ನ ತಲೆಯ ಹೇನು ತೆಗೆದವಳು, ಅವಳ ಮುಖ ನೋಡಿ ಎದೆಯ ಮಾತು ಹೇಗೆ ಕೇಳುವುದು? ಇದ್ದಿದ್ದರೆ ಹೇಳುತ್ತಿರಲಿಲ್ಲವೇ ಎಂದುಕೊಂಡೆ. ಇಲ್ಲ, ಇಲ್ಲ, ಇಲ್ಲ ಎಂದು ಸಾಲಾಗಿ ಟಿಕ್ ಹಾಕಿದೆ. ಚಹಾ ಕುಡಿದು ಮುಂದಿನ ಮನೆಗೆ ಓಡಿದೆ.

ಮುಂದಿನ ದೀಪಾವಳಿಗೆ, ಅಂದರೆ ಹತ್ತು ತಿಂಗಳ ಮೇಲೆ, ಹಬ್ಬದ ಎಣ್ಣೆಸ್ನಾನಕ್ಕೆ ಅಕ್ಕನ ಮನೆಗೆ ಹೋದೆ. ನನಗದೇ ತವರು. ಪ್ರತಿ ಸಲ ಅವಳೇ ನನ್ನ ತಲೆಗೆ ಎಣ್ಣೆ ಹಾಕಿ ತಟ್ಟುವವಳು, ಆ ಸಲ ಎಡಗೈ ಎತ್ತಲು ತಡವರಿಸಿದಳು. "ಕುಂಡರ, ನಾ ತಿಕ್ಕತೇನಿ" ಎಂದು ಬಲವಂತವಾಗಿ ಕೂರಿಸಿ ಬೆನ್ನಿಗೆ ಎಣ್ಣೆ ಹಚ್ಚಿದೆ. ಬಗಲ ಕೆಳಗೆ ಕೈ ಹೋದಾಗ ಗಟ್ಟಿಯಾದದ್ದೊಂದು ತಗುಲಿತು. ಮುಂದೆ ಸರಿಸಿ ನೋಡಿದೆ. ಎದೆಯಲ್ಲಿ ನಿಂಬೆಹಣ್ಣಿನಷ್ಟು ಇನ್ನೊಂದು. ನನಗೆ ತರಬೇತಿಯಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದುಕೊಂಡೇ ನಾನು ಅಳಲು ಶುರುಮಾಡಿದೆ. ಹಬ್ಬದ ದಿನ ಅಳಬೇಡವೆಂದು ಅವಳೇ ನನ್ನನ್ನು ಬೈದಳು.

ಜಮಖಂಡಿಯ ಸರಕಾರಿ ಆಸ್ಪತ್ರೆಗೆ ಮೊದಲು ಕರೆದೊಯ್ದೆ. ಡಾಕ್ಟರಮ್ಮ ಮುಟ್ಟಿ ನೋಡಿದವರೇ ಗಂಭೀರವಾದರು. ಎಷ್ಟು ದಿನದಿಂದ ಇದೆ ಎಂದು ಕೇಳಿದರು. 

"ಎರಡ ತಿಂಗಳ ಆಗಿರಬೇಕ್ರಿ" ಎಂದಳು ಅಕ್ಕ.

ಎರಡು ತಿಂಗಳು! ನನಗೆ ಎಂಥ ಸಮಾಧಾನವಾಯಿತೆಂದರೆ ಹೇಳಲು ನಾಚಿಕೆಯಾಗುತ್ತದೆ. ಅಕ್ಕನಿಗೆ ಕ್ಯಾನ್ಸರಿನ ಅನುಮಾನ ಬಂದಿದೆ, ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದೇನೆ. ಎರಡು ತಿಂಗಳೆಂದರೆ ಭಾದ್ರಪದ. ನಾನು ಟಿಕ್ ಹಾಕಿದ್ದು ಅದಕ್ಕೂ ಎಷ್ಟೋ ಮೊದಲು. ಅವತ್ತು ಇರಲಿಲ್ಲ, ಹಾಗಾದರೆ ನನ್ನ ತಪ್ಪಿಲ್ಲ. ಆದರೆ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, ಚರ್ಮ ಒಳಗೆ ಎಳೆದುಕೊಂಡಿದೆ, ಬಗಲಿಗೂ ಇಳಿದಿದೆ, ಎರಡು ತಿಂಗಳಿನದು ಹೀಗಿರುವುದಿಲ್ಲ ಎಂದರು. ಅವತ್ತಿನಿಂದ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಒಂದು ಹೊತ್ತು ಅಕ್ಕನ ಮಾತು ನಂಬುತ್ತಿದ್ದೆ, ಇನ್ನೊಂದು ಹೊತ್ತು ಡಾಕ್ಟರರ ಮಾತು. ಫೋನಿನಲ್ಲಿ ಆ ಫಾರ್ಮು ಇನ್ನೂ ಇತ್ತು. ಅನಸವ್ವ ಕಾಶಪ್ಪ, ವಯಸ್ಸು ಐವತ್ನಾಲ್ಕು, ಎದೆಯಲ್ಲಿ ಗಂಟು: ಇಲ್ಲ. ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದೆ, ನೋಡಿದರೆ ಬದಲಾಗುತ್ತದೆ ಎನ್ನುವ ಹಾಗೆ.

ಮುಧೋಳದ ಮೇಲೆ ಬಾಗಲಕೋಟೆಗೆ ಹೋಗಿ ತುಣುಕು ತೆಗೆಸಿ ಪರೀಕ್ಷೆ ಮಾಡಿಸಿದೆವು. ಅನುಮಾನ ನಿಜವಾಯಿತು. ಮುಂದೆ ಬೆಳಗಾವಿಯ ದೊಡ್ಡ ಆಸ್ಪತ್ರೆ. ಜೊತೆಗೆ ಯಾರು ಹೋಗುವುದೆಂಬ ಮಾತೇ ಬರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಗಂಡಸರಿಗೆ ಟಿಕೆಟು. ಹಾಗಾಗಿ ಅಕ್ಕನ ಗಂಡ ಕಾಶಪ್ಪ ಮಾಮಾ ಮಗ್ಗದ ಮುಂದೆ ಉಳಿದರು, ನಾನು ಹೋದೆ.

ಅಕ್ಕನ ಹತ್ತಿರ ಸರಕಾರದ ಆರೋಗ್ಯ ಕಾರ್ಡು ಇತ್ತು. ಖರ್ಚಿನ ವಿಷಯದಲ್ಲಿ ಊರಿನವರಿಗೆಲ್ಲ ಒಂದೇ ಮಾತು, "ಕಾರ್ಡ ಐತೆಲ್ಲ, ಎಲ್ಲಾ ಫ್ರೀ." ನಾನೂ ಹದಿನಾಲ್ಕು ವರ್ಷ ಮನೆ ಮನೆಗೆ ಅದನ್ನೇ ಹೇಳಿಕೊಂಡು ಬಂದವಳು. ಹೌದು, ಆಪರೇಶನ್ನು ಕಾರ್ಡಿನಲ್ಲಿ ಆಯಿತು, ಕೀಮೋ ಕಾರ್ಡಿನಲ್ಲಿ ಆಯಿತು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಕಾರ್ಡು ಮಂಜೂರಾಗುವ ಮೊದಲಿನ ಸ್ಕ್ಯಾನು ಕೈಯಿಂದ. ತುಣುಕನ್ನು ಇನ್ನೂ ಸೂಕ್ಷ್ಮವಾಗಿ ನೋಡುವ ಪರೀಕ್ಷೆ ಕೈಯಿಂದ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಇಳಿದವು, ಅದನ್ನು ಏರಿಸುವ ಇಂಜೆಕ್ಷನ್ನು ಎರಡು ಸಲ ಹೊರಗಿನಿಂದ ತಂದೆವು. ಖೋಲಿ ಬಾಡಿಗೆ, ಊಟ, ಎಳನೀರು, ಬೆಳಗಾವಿಯ ರಿಕ್ಷಾದವರು. ಇದೆಲ್ಲ ಯಾವ ಕಾರ್ಡಿಗೆ ಕಾಣುತ್ತದೆ? ಅಕ್ಕ ಕಂಡಿಕೆ ಸುತ್ತದ ದಿನಗಳ ಕೂಲಿ ಯಾವ ಕಾರ್ಡಿಗೆ ಕಾಣುತ್ತದೆ? ಜಮಖಂಡಿಯ ಬಟ್ಟೆ ಅಂಗಡಿಯಲ್ಲಿ ದುಡಿಯುವ ಅವಳ ಮಗ ಮಲ್ಲಿನಾಥ ಆರು ತಿಂಗಳ ಪಗಾರ ಮುಂಗಡ ಎತ್ತಿ ಕೊಟ್ಟ. ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಮಗ್ಗಗಳಿದ್ದವು, ಅವುಗಳಲ್ಲೊಂದನ್ನು ಗುಜರಿಯವನು ಕಬ್ಬಿಣದ ತೂಕಕ್ಕೆ ಒಯ್ದ. ಹಾರೆಯಿಂದ ಅದನ್ನು ಕೀಳುವಾಗ ಮಾಮಾ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದರು.

ನಾನು ಬಲ್ಲೆ, ನನಗೆ ಕಲಿಸಿದ್ದಾರೆ. ಸಣ್ಣದಿದ್ದಾಗ ಸಿಕ್ಕಿದರೆ ಚಿಕಿತ್ಸೆಯೂ ಸಣ್ಣದು. ಆದ್ದರಿಂದ ಒಂದೊಂದು ಖರ್ಚು ಬಂದಾಗಲೂ ಇದು ನನ್ನ ಟಿಕ್ಕಿನಿಂದ ಬಂದದ್ದೋ ಅಲ್ಲವೋ ಎಂದು ನಾನು ಒಳಗೊಳಗೇ ವಾದ ಮಾಡುತ್ತಿದ್ದೆ. ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ. ನಮ್ಮ ಯಜಮಾನರು ನಾಮದೇವ ಶಾಂತ ಮನುಷ್ಯ, ಉಪ್ಪಿಲ್ಲದ ಸಾರನ್ನೂ ಮಾತಿಲ್ಲದೆ ಉಂಡರು, ಎರಡು ಪಟ್ಟು ಉಪ್ಪಿನದನ್ನೂ ಉಂಡರು.

ಇದರ ಮೇಲೆ ಅಕ್ಕನ ಹೊಗಳಿಕೆ ಬೇರೆ. ನೋಡಲು ಬಂದವರೆಲ್ಲರ ಮುಂದೆ ಅವಳದು ಒಂದೇ ಮಾತು. "ನಮ್ಮ ಸೋಮಿ ಕೈಗೆ ಹತ್ತಿತ್ತ ನೋಡ್ರಿ. ಆಕಿ ಇರದಿದ್ರ ನಾ ಎಲ್ಲಿರತಿದ್ನ್ಯೋ ಏನೋ." ಅಷ್ಟಾಗುವಷ್ಟರಲ್ಲಿ ಬಂದವರು ನನ್ನ ಕಡೆ ತಿರುಗಿ ಕೈಮುಗಿಯುವುದು. ಸುದ್ದಿ ಆರೋಗ್ಯ ಕೇಂದ್ರಕ್ಕೂ ಮುಟ್ಟಿತು. ಮಾರ್ಚಿನಲ್ಲಿ ಮಹಿಳಾ ದಿನದಂದು ನನ್ನನ್ನು ಮುಂದೆ ಕರೆದು, ಸ್ವಂತ ಅಕ್ಕನ ಜೀವ ಉಳಿಸಿದ ಆಶಾ ಎಂದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಮಾತಾಡಿ ಎಂದು ಮೈಕು ಕೈಗೆ ಕೊಟ್ಟರು. ಹದಿನಾಲ್ಕು ವರ್ಷದಲ್ಲಿ ಎರಡನೆಯ ಸಲ ನನ್ನ ಜೋರು ಬಾಯಿ ಕಟ್ಟಿತು. ದುಃಖದಿಂದ ಗಂಟಲು ಕಟ್ಟಿದೆ ಎಂದುಕೊಂಡು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆರನೆಯ ಕೀಮೋ ಮೇ ಕೊನೆಗೆ ಮುಗಿಯಿತು. ಅಕ್ಕನ ತಲೆ ಬೋಳಾಗಿತ್ತು, ಉಗುರು ಕಪ್ಪಾಗಿದ್ದವು, ಆದರೂ ಮುಗಿಯಿತಲ್ಲ ಎಂದು ಖುಷಿಯಲ್ಲಿದ್ದಳು. ಡಾಕ್ಟರು ಫೈಲು ನೋಡಿ, ಇನ್ನು ರೇಡಿಯೇಶನ್ ಕೊಡಬೇಕು, ಇಪ್ಪತ್ತೈದು ಸಲ, ವಾರಕ್ಕೆ ಐದು ದಿನದಂತೆ ಐದು ವಾರ, ಇಲ್ಲೇ ಇರಬೇಕು ಎಂದರು. ಇದನ್ನು ಬಿಟ್ಟರೆ ತಿರುಗಿ ಬರುವ ಭಯ ಹೆಚ್ಚು, ತಡ ಮಾಡಬೇಡಿ, ಮೂರನೆಯ ಸೋಮವಾರ ಬನ್ನಿ ಎಂದು ದಿನಾಂಕವನ್ನೂ ಬರೆದರು. ಅಕ್ಕ ಹೂಂ ಎಂದು ತಲೆ ಅಲ್ಲಾಡಿಸಿದಳು.  ಬನಹಟ್ಟಿಯಲ್ಲಿ ಇಳಿದ ಕೂಡಲೇ, "ನಾ ಹೋಗೂದಿಲ್ಲ" ಎಂದಳು.

"ಯಾಕ ಹೋಗೂದಿಲ್ಲ?"

"ಗಂಟ ಕಡದ ತಗದಾರ. ಔಷಧ ಹಾಕ್ಯಾರ. ಇನ್ನೇನ ಐತಿ ಅಲ್ಲಿ ಸುಡಾಕ? ಸಾಕ."

ಆಮೇಲೆ ಮಾಮಾ ನನಗೆ ಒಳಗಿನ ಮಾತು ಹೇಳಿದರು. ಚಿಕಿತ್ಸೆಗೆ ಕಾರ್ಡು ಆಗುತ್ತದೆ, ಆದರೆ ಐದು ವಾರ ಇಬ್ಬರು ಬೆಳಗಾವಿಯಲ್ಲಿ ಇರುವ ಖರ್ಚು ಎಲ್ಲಿಂದ ತರುವುದು? ಉಳಿದ ಮಗ್ಗವನ್ನೂ ಕೊಡುವುದೆಂದು ಮಾಮಾ ಗುಜರಿಯವನನ್ನು ಕರೆದಿದ್ದರು. ಅವನು ಬಂದು ನೋಡಿ ಹೋದದ್ದು ಅಕ್ಕನಿಗೆ ಗೊತ್ತಾಗಿ ಮನೆಯಲ್ಲಿ ರಂಪವಾಗಿತ್ತು. "ಈ ಮಗ್ಗಾನೂ ಹ್ವಾದ್ರ ಅರವತ್ತರ ವಯಸ್ಸಿನ್ಯಾಗ ನೀವು ಮಂದಿ ಮಗ್ಗದ ಮುಂದ ಹೋಗಿ ನಿಂದರಬೇಕು. ನಾ ಬದುಕಿ ಅದನ್ನ ನೋಡಬೇಕೇನು?" ಎಂದಳಂತೆ. ಮಾಮಾ ಅದನ್ನು ಹೇಳುತ್ತ ಕಣ್ಣೊರೆಸಿಕೊಂಡರು.

ನನ್ನ ಹತ್ತಿರ ಪೋಸ್ಟಿನಲ್ಲಿ ನಲವತ್ತಾರು ಸಾವಿರ ಇತ್ತು. ಫಾರ್ಮು, ಲಸಿಕೆ, ಹೆರಿಗೆ ಎಂದು ಓಡಾಡಿ ಕೂಡಿಟ್ಟದ್ದು. ತೆಗೆದು ತಂದು ಅಕ್ಕನ ಮುಂದಿಟ್ಟೆ. ಅವಳು ಆ ಗಂಟನ್ನು ಬೆರಳ ತುದಿಯಿಂದ ನನ್ನ ಕಡೆಗೇ ಸರಿಸಿದಳು.

"ಕೊಟ್ಟ ಮನಿ ರೊಕ್ಕ. ನಾ ಮುಟ್ಟೂದಿಲ್ಲ."

"ಇದು ನನ್ನ ದುಡಿಮಿ ಅಕ್ಕಾ. ನಮ್ಮವರ ರೊಕ್ಕ ಅಲ್ಲ."

"ನೀನ ಆ ಮನ್ಯಾಕಿ. ನಿನ್ನ ದುಡಿಮಿನೂ ಆ ಮನಿದ."

ಬೇಡಿದೆ, ಬೈದೆ, ಅತ್ತೆ. ನಾಮದೇವರೇ ಹೋಗಿ, "ಅಕ್ಕಾ, ನಾನ ಹೇಳಾಕತ್ತೇನಿ, ತಗೋರಿ" ಎಂದರು. ತಂಗಿಯ ಗಂಡ ಎಂಬ ಮರ್ಯಾದೆಗೆ ತಲೆಯ ಮೇಲೆ ಸೆರಗು ಎಳೆದುಕೊಂಡು, "ಬ್ಯಾಡ್ರಿ" ಎಂದು ಒಳಗೆ ಹೋದಳು. ಮಾಮಾನ ಕೈಗೆ ಕದ್ದು ಕೊಡಲು ನೋಡಿದೆ, ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಆಕಿಗೆ ಗೊತ್ತಾದ್ರ ಇರೂ ಒಂದ ದಾರೀನೂ ಬಂದ್ ಆಗತೈತಿ ಸೋಮವ್ವಾ." ದಿನಗಳು ಓಡಿದವು. ಸೋಮವಾರಕ್ಕೆ ಹೋಗಬೇಕು, ಭಾನುವಾರವಾದರೂ ಅವಳು ಚೀಲ ಕಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ ಹೋದೆ. ಕರೆಂಟು ಹೋಗಿತ್ತು, ಓಣಿಯ ಮಗ್ಗಗಳೆಲ್ಲ ನಿಂತು ಊರು ಬಿಕೋ ಎನ್ನುತ್ತಿತ್ತು. ಮಾಮಾ ಹೊರಗೆ ಹೋಗಿದ್ದರು. ಅಕ್ಕ ತಲೆಗೆ ಬಿಳಿ ವಸ್ತ್ರ ಸುತ್ತಿಕೊಂಡು ಬಲಗೈಯಿಂದ ರಾಟಿ ತಿರುಗಿಸುತ್ತಿದ್ದಳು. ಎಡಗೈಯನ್ನು ಆಯಾಸ ಮಾಡಬೇಡ ಎಂದು ಹೇಳಿದ್ದರೂ ಅದರಲ್ಲೇ ನೂಲು ಹಿಡಿದಿದ್ದಳು. ಎದುರಿಗೆ ಕೂತೆ. ನನ್ನ ಹತ್ತಿರ ಉಳಿದದ್ದು ಒಂದೇ ದಾರಿ. ಅದನ್ನು ಹೇಳಿದರೆ ಅವಳು ನನ್ನ ಮುಖವನ್ನು ಮತ್ತೆ ನೋಡುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. 

"ಅಕ್ಕಾ, ಈ ರೊಕ್ಕ ನಾ ನಿನಗ ಸುಮ್ನ ಕೊಡಾಕತ್ತಿಲ್ಲ. ಇದು ದಂಡ."

"ಎಂಥಾ ದಂಡ?"

"ದೀವಳಗಿಗಿಂತ ಮೊದಲಿನ ಚಳಿಗಾಲದಾಗ, ಇಲ್ಲೇ ಕುಂತ ಒಂದ ಫಾರ್ಮ ತುಂಬಿದ್ನಲ್ಲ. ಅದರಾಗ ಎದಿಯಾಗ ಗಂಟ ಐತೇನ ಅಂತ ನಿನ್ನ ಕೇಳಬೇಕಿತ್ತು. ನಾ ಕೇಳಲಿಲ್ಲ. ಇಲ್ಲ ಅಂತ ನಾನ ಬರಕೊಂಡ್ನಿ. ಕೇಳಾಕ ನಾಚಿಕಿ ಆತು. ಅವಸರಾನೂ ಇತ್ತು. ಅವತ್ತ ಕೇಳಿದ್ರ ಇಷ್ಟ ಆಗತಿದ್ದಿಲ್ಲೋ ಏನೋ. ನೀ ನನ್ನ ಹೊಗಳಬ್ಯಾಡ ಅಕ್ಕಾ. ಬೈ. ಆದ್ರ ಈ ರೊಕ್ಕ ತಗೊಂಡ ನಾಳಿ ನಡಿ."

ರಾಟಿ ನಿಲ್ಲಲಿಲ್ಲ. ಒಂದು ಕಂಡಿಕೆ ತುಂಬುವವರೆಗೂ ಅವಳು ಸುತ್ತಿದಳು, ಎಳೆ ಕಡಿದಳು, ಬುಟ್ಟಿಗೆ ಹಾಕಿದಳು.

"ಗೊತ್ತೈತಿ" ಎಂದಳು.

"ಏನ ಗೊತ್ತೈತಿ?"

"ನನಗ ಓದಾಕ ಬರೂದಿಲ್ಲ, ನೋಡಾಕ ಬರತೈತಿ. ಮೊದಲ ಮಾರಿ ನೋಡಿ ನೋಡಿ ಕೇಳಿದಿ. ಹಾಳಿ ಹೊಳ್ಳಿಸಿದ ಮ್ಯಾಲ ನನ್ನ ಮಾರಿ ನೋಡಲೇ ಇಲ್ಲ. ನೀನ ಗೀಚಿಕೊಂಡಿ."

ನನಗೆ ಕೇಳಲು ಧೈರ್ಯವಿರಲಿಲ್ಲ. ಆದರೂ ಕೇಳಿದೆ.

"ಅವತ್ತ ಇತ್ತೇನ ಅಕ್ಕಾ?"

"ಇತ್ತು. ಗೋಲಿಗುಂಡದಷ್ಟ. ಅದರ ಹಿಂದಿನ ಶ್ರಾವಣದಾಗ ಕೈಗೆ ಹತ್ತಿತ್ತು." ಅವಳು ಬೇರೊಂದು ಖಾಲಿ ಕೊಳವೆ ತೆಗೆದುಕೊಂಡು ಕೈಯಲ್ಲಿ ಹಿಡಿದಳು, ರಾಟಿಗೆ ಹಾಕಲಿಲ್ಲ. "ಯಾರಿಗಂತ ಹೇಳ್ಲಿ? ಇವರಿಗೆ ಹೇಳಾಕ ಬಾಯಿ ಬರಲಿಲ್ಲ. ನಾನಾಗಿ ನಿನ್ನ ಮನಿಗೆ ಬಂದ ಹೇಳಾಕೂ ಆಗಲಿಲ್ಲ. ಓಣಿ ತುಂಬ ಸೋಮವ್ವ ಎದಿ ಗಂಟ ಕೇಳಾಕತ್ತಾಳ ಅಂತ ಹೆಣ್ಮಕ್ಕಳು ಮಾತಾಡತಿದ್ರು. ನಮ್ಮ ಮನಿಗೂ ಬರತಾಳ, ನನಗೂ ಕೇಳತಾಳ, ಕೇಳಿದಾಗ ಹೇಳಿದ್ರಾತು ಅಂತ ಹಾದಿ ನೋಡಕೋಂತ ಕುಂತಿದ್ನಿ. ಅವತ್ತ ನೀ ಬರೂದ ಕಂಡ ಇವರನ್ನ ಬೇಕಂತನ ನೂಲ ತರಾಕ ಕಳಿಸಿದ್ನಿ."

 ಇಷ್ಟು ದಿನ ಎರಡು ತಿಂಗಳು ಎರಡು ತಿಂಗಳು ಎಂದು ಹಿಡಿದುಕೊಂಡಿದ್ದ ಆಸರೆ ಹೋಯಿತು.

"ನೀ ಕೇಳಲಿಲ್ಲ" ಎಂದಳು. "ನೀನ ಇಲ್ಲ ಅಂತ ಬರದ ಮ್ಯಾಲ, ಇದು ಕೇಳೂವಂಥಾದ್ದಲ್ಲ ಅಂದ್ಕೊಂಡ್ನಿ. ಓದಿದಾಕಿ, ಆಕಿಗೆ ಗೊತ್ತಿರತೈತಿ ಅಂದ್ಕೊಂಡ್ನಿ. ನಿನ್ನ ಮ್ಯಾಲ ಸಿಟ್ಟ ಬಂದಿತ್ತು ಸೋಮಿ. ಈಗೂ ಐತಿ."

"ಮತ್ಯಾಕ ಊರ ತುಂಬ ನನ್ನ ಹೊಗಳಿದಿ?"

"ಮತ್ತೇನಂತ ಹೇಳ್ಲಿ? ನಾ ಸಾಕಿದ ಹುಡುಗಿ ನನ್ನನ್ನ ಒಂದ ಮಾತ ಕೇಳಲಿಲ್ಲ ಅಂತ ಹೇಳ್ಲ್ಯಾ?"

ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ. ಹಣದ ಗಂಟನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, "ಹೋಗ ಇನ್ನ" ಎಂದು ರಾಟಿಯ ಕಡೆ ತಿರುಗಿದಳು. ನಾನು ಎದ್ದು ಬಂದೆ. ದಾರಿಯಲ್ಲಿ ಎದುರಾದವರು ಅಕ್ಕ ಹೇಗಿದ್ದಾಳೆ ಎಂದು ಕೇಳಿದರು, ಏನು ಹೇಳಿದೆನೋ ನೆನಪಿಲ್ಲ. ಹೇಳಿ ಕೆಲಸ ಕೆಡಿಸಿದೆ ಎಂದು ಎಲ್ಲ ದೇವರ ಹೆಸರು ಹಿಡಿದು ನನ್ನನ್ನೇ ಶಪಿಸಿಕೊಂಡೆ. ಹೇಳದಿದ್ದರೆ ಹಣ ಮುಟ್ಟುತ್ತಿರಲಿಲ್ಲ, ಹೇಳಿದ ಮೇಲೆ ನನ್ನನ್ನೇ ಮುಟ್ಟುವುದಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಯ ಬೆಳಗಾವಿ ಬಸ್ಸು. ಹೋಗಿ ಏನು ಮಾಡುವುದು ಎಂದುಕೊಳ್ಳುತ್ತಲೇ ನಾನು ಹಣ ಸೊಂಟಕ್ಕೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ನನಗೆ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ ಕಾರಣ. ಬಸ್ಸು ಬಂದು ನಿಂತಿತ್ತು. ಅದರ ಬದಿಗೆ ಅಕ್ಕ ಒಬ್ಬಳೇ, ಕಾಲ ಹತ್ತಿರ ಕೈಚೀಲ ಇಟ್ಟುಕೊಂಡು ನಿಂತಿದ್ದಳು. ನನ್ನನ್ನು ಕಂಡವಳು ಹತ್ತಿರ ಬರಲಿಲ್ಲ, ನಗಲೂ ಇಲ್ಲ. ನಾನು ಎದುರಿಗೆ ಹೋಗಿ ನಿಂತ ಮೇಲೆ ಬಲಗೈ ಚಾಚಿದಳು.

"ಕೊಡು."

ಗಡಿಬಿಡಿಯಲ್ಲಿ ಸೊಂಟದ ಗಂಟು ಬಿಚ್ಚಲು ಬರಲಿಲ್ಲ. ಅವಳೇ ಬಗ್ಗಿ ಬಿಚ್ಚಿಕೊಂಡಳು, ಎಣಿಸದೆ ಚೀಲದ ತಳಕ್ಕೆ ತುರುಕಿದಳು.

"ಇದು ತಂಗಿ ರೊಕ್ಕ ಅಲ್ಲ."

"ಅಲ್ಲ" ಎಂದೆ.

"ದಂಡ ಅಂದಿ."

"ಹೂಂ."

"ದಂಡ ಇಷ್ಟಕ್ಕ ಮುಗಿಯೂದಿಲ್ಲ. ಐದ ವಾರ ನೀನ ನನ್ನ ಜೋಡಿ ಇರಬೇಕು. ಡಾಕ್ಟರು ಏನ ಹೇಳಿದ್ರೂ ಒಂದ ಮಾತ ಬಿಡದಂಗ ನನಗ ಹೇಳಬೇಕು, ನನ್ನ ಹೊರಗ ಕುಂಡ್ರಿಸಿ ಕೇಳಕೊಂಡ ಬರೂದಲ್ಲ. ಹತ್ತು."

ಮೈಮೇಲಿನ ಸೀರೆಯಲ್ಲೇ ಹತ್ತಿದೆ. ಅರಿವೆ ಯಾರ ಕೈಯಲ್ಲಾದರೂ ಕಳಿಸಿ ಎಂದು ನಾಮದೇವರಿಗೆ ಬಸ್ಸಿನಿಂದಲೇ ಫೋನು ಮಾಡಿದೆ. ನನ್ನ ಓಣಿಗಳನ್ನು ನೋಡಿಕೊಳ್ಳಲು ಇನ್ನೊಬ್ಬ ಆಶಾಳನ್ನು ಬೇಡಿಕೊಂಡೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮಹಾಲಿಂಗಪುರ ಬಂತು, ಹೋಯಿತು. ಕಬ್ಬಿನ ಹೊಲಗಳು ಬಂದವು.   ಕಂಡಕ್ಟರು ಎರಡು ಪುಕ್ಕಟೆ ಚೀಟಿ ಹರಿದು ನನ್ನ ಕೈಗೆ ಕೊಟ್ಟು ಮುಂದೆ ಹೋದ.

ಗೋಕಾಕ ಹತ್ತಿರ ಬಂದಾಗ ಅವಳು ಮುಖ ತಿರುಗಿಸದೆಯೇ ಕೇಳಿದಳು.

"ಸೋಮಿ, ನಾ ಬದುಕತೇನೇನು?"

ಎಂಟು ತಿಂಗಳಲ್ಲಿ ಅವಳು ಇದನ್ನು ಯಾರನ್ನೂ ಕೇಳಿರಲಿಲ್ಲ. ಏನೂ ಆಗೂದಿಲ್ಲ ಅಕ್ಕಾ ಎಂಬ ಮಾತು ನನ್ನ ಬಾಯಿಗೆ ಬಂದೇಬಿಟ್ಟಿತ್ತು. ಓಣಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು, ಹೇಳಲು ಕಷ್ಟವೇ ಇಲ್ಲ. ನುಂಗಿಕೊಂಡೆ. ಅವಳ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ಕಣ್ರೆಪ್ಪೆಯ ಕೂದಲೂ ಉದುರಿದ ಆ ಮುಖವನ್ನು ನೇರವಾಗಿ ನೋಡಿದೆ.

"ಗೊತ್ತಿಲ್ಲ ಅಕ್ಕಾ. ಇದನ್ನ ಮುಗಿಸಿದ್ರ ಬದುಕೂದ ಹೆಚ್ಚ ಅಂತ ಡಾಕ್ಟರು ಹೇಳ್ಯಾರ. ಖರೆ ಗೊತ್ತಿಲ್ಲ. ನನಗೂ ಅಂಜಿಕಿ ಆಗೇತಿ."

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ತನ್ನ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟು, "ಹಿಡಕೋ, ನನ್ನ ಕೈ ನೋಯಾಕತ್ತೈತಿ" ಎಂದಳು.